ಹಿಂದಿನ ಸೀಟಿನ ಕೊಕ್ಕೆ

ಹೊಸ ಗಾಡಿಗಳನ್ನು ಗೋಡೆಗೆ ಗುದ್ದಿಸಿ ನೋಡುವ ಪರೀಕ್ಷಾ ಕೇಂದ್ರದಲ್ಲಿ ಅವಳಿಗೆ ಗೊಂಬೆಗಳ ಕೆಲಸ. ಮನುಷ್ಯರ ಬದಲು ಗಾಡಿಯೊಳಗೆ ಕೂರುವ ಹೆಣಭಾರದ ಗೊಂಬೆಗಳಿಗೆ ಅಂಗಿ ತೊಡಿಸಿ, ಮುಖಕ್ಕೆ ಬಣ್ಣ ಬಳಿದು, ಬೆಲ್ಟ್ ಬಿಗಿಯಬೇಕು. ಗುದ್ದಿದ ಮೇಲೆ ಬಣ್ಣ ಎಲ್ಲಿ ಮೆತ್ತಿದೆಯೋ ಅಲ್ಲಿ ತಲೆ ಬಡಿದಿದೆ ಎಂದರ್ಥ. ಮನೆಯವರು ಅವಳನ್ನು ‘ಗೊಂಬೆಯಮ್ಮ’ ಎಂದು ರೇಗಿಸುತ್ತಿದ್ದರು.

ಆ ದಿನ ಪರೀಕ್ಷೆಗೆ ಬಂದದ್ದು ಒಂದು ದೊಡ್ಡ ಎಸ್‌ಯುವಿ. ಅಕ್ಕನ ಗಂಡ ಆಗಷ್ಟೇ ಕೊಂಡಿದ್ದ ಮಾದರಿಯೇ. ಗಾಡಿ ಗೋಡೆಗೆ ಬಡಿಯಿತು. ಮುಂದಿನ ಗೊಂಬೆಗಳು ಕೂತಲ್ಲೇ ಇದ್ದವು. ಹಿಂದೆ ಮಾತ್ರ ಮಗುವಿನ ಸೀಟು ಅದನ್ನು ಗಾಡಿಗೆ ಸಿಕ್ಕಿಸಿದ್ದ ಕೊಕ್ಕೆಯಿಂದ ಕಳಚಿ, ಪುಟ್ಟ ಗೊಂಬೆ ಮುಂದಿನ ಸೀಟಿನ ಬೆನ್ನಿಗೆ ಮುಖ ಅಪ್ಪಳಿಸಿತ್ತು.

ನೀನು ಹಾಕಿದ ಕೊಕ್ಕೆ ಸರಿಯಾಗಿ ಕೂತಿತ್ತೇ ಎಂದು ಎಂಜಿನಿಯರ್ ಕೇಳಿದರು. ಕೂತಿತ್ತು ಎಂದಳು. ಆದರೆ ‘ಟಕ್’ ಎಂಬ ಸದ್ದು ನಿಜವಾಗಿ ಕೇಳಿಸಿತ್ತೋ, ಅಭ್ಯಾಸಬಲದಿಂದ ಕೇಳಿಸಿದಂತಾಯಿತೋ, ಅವಳಿಗೇ ಅನುಮಾನ ಬಂತು. ಮರುದಿನ ಇನ್ನೊಂದು ಗಾಡಿ ಗುದ್ದಿಸೋಣ, ವರದಿ ಸಿದ್ಧವಾಗುವವರೆಗೆ ಹೊರಗೆ ಯಾರೂ ಬಾಯಿ ಬಿಡಕೂಡದು ಎಂದರು ಅವರು.

ಸಂಜೆ ಅವಳು ನೇರ ಅಕ್ಕನ ಮನೆಗೆ ಹೋದಳು. ಬೆಳಗಾದರೆ ಅವರು ಮಗುವನ್ನು ಕರೆದುಕೊಂಡು ಘಟ್ಟದ ಮೇಲಿನ ಊರಿಗೆ ಹೊರಡುವವರಿದ್ದರು. ಅವಳು ಹಿಂದಿನ ಬಾಗಿಲು ತೆಗೆದು ಮಗುವಿನ ಸೀಟನ್ನು ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ. ಮತ್ತೆ ಜಗ್ಗಿದಳು.

“ನಮ್ ಗಾಡೀನೂ ಗೋಡೆಗೆ ಗುದ್ದಿ ನೋಡ್ತೀಯಾ?” ಎಂದು ಭಾವ ನಕ್ಕ.

ಅವಳೂ ನಕ್ಕಳು. ಹೇಳಿಬಿಡಲೇ ಎಂದುಕೊಂಡಳು. ತಪ್ಪು ತನ್ನದೇ ಆಗಿದ್ದರೆ ಸುಮ್ಮನೆ ಅವರ ಸಂಭ್ರಮಕ್ಕೆ ಕಲ್ಲು ಹಾಕಿದಂತಾಗುತ್ತದೆ, ಕೆಲಸಕ್ಕೂ ಸಂಚಕಾರ. ಏನೂ ಹೇಳದೆ ಮನೆಗೆ ಬಂದಳು. ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಎಂಜಿನಿಯರ್ ತಾವೇ ಕೊಕ್ಕೆ ಹಾಕಿದರು. ಗಾಜಿನಾಚೆ ನಿಂತ ಅವಳು ಎಂದೂ ಬೇಡದ್ದನ್ನು ಬೇಡಿಕೊಂಡಳು: ನಿನ್ನೆಯ ತಪ್ಪು ನನ್ನದೇ ಆಗಿರಲಿ. ಗಾಡಿ ಬಡಿಯಿತು. ಧೂಳು ಇಳಿಯುವ ಮುಂಚೆಯೇ ಸೀಟು ಕಳಚಿದ್ದು ಕಂಡಿತು.

ಹೊರಗೋಡಿ ಅಕ್ಕನಿಗೆ ಫೋನ್ ಮಾಡಿದಳು. ಸಂಪರ್ಕ ಸಿಗಲಿಲ್ಲ. ಮತ್ತೆ ಮಾಡಿದಳು, ರಿಂಗಾಗಿ ನಿಂತಿತು. ಘಟ್ಟದ ತಿರುವುಗಳು ಕಣ್ಮುಂದೆ ಬಂದವು. ಕೊನೆಗೆ ಅಕ್ಕ ಎತ್ತಿಕೊಂಡಳು.

“ಅಕ್ಕ, ಗಾಡಿ ಪಕ್ಕಕ್ಕೆ ನಿಲ್ಸೋಕೆ ಹೇಳು. ಪಾಪು ಸೀಟಿನ ಕೊಕ್ಕೆ ಗುದ್ದಿದ್ರೆ ಬಿಟ್ಕೊಳ್ಳತ್ತೆ. ನಿನ್ನೆ ನಾನ್ ಹಾಕಿದ್ದೂ ಬಿಡ್ತು, ಇವತ್ತು ಸಾಹೇಬ್ರು ಹಾಕಿದ್ದೂ ಬಿಡ್ತು.”

ಗಾಡಿ ನಿಂತ ಮೇಲೆ ಭಾವನ ದನಿ ಕೇಳಿಸಿತು. “ನಿನ್ನೆ ಸಂಜೆ ನಮ್ಮನೇಲೇ ಇದ್ದೆಯಲ್ಲ. ಆಗ ಯಾಕೆ ಹೇಳ್ಲಿಲ್ಲ?”

“ಪಾಪುನ ಬಸ್ಸಲ್ಲಿ ಕರ್ಕೊಂಡ್ ಬನ್ನಿ” ಎಂದಷ್ಟೇ ಹೇಳಿದಳು.

ಅಕ್ಕ ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ವಾಪಸಾದಳು. ಭಾವ ಖಾಲಿ ಗಾಡಿಯನ್ನು ಬಸ್ಸಿನ ಹಿಂದೆಯೇ ನಿಧಾನಕ್ಕೆ ತಂದ. ಮನೆಯವರಿಗೆ ಹೇಳಿಬಿಟ್ಟೆ ಎಂದು ಅವಳೇ ಎಂಜಿನಿಯರ್ ಬಳಿ ಒಪ್ಪಿಕೊಂಡಳು. ಅವರು ಬೈದು, ಕೆಲಕಾಲ ಅವಳನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ತಿಂಗಳುಗಳ ನಂತರ ಕಂಪನಿ ಆ ಗಾಡಿಗಳನ್ನೆಲ್ಲ ವಾಪಸು ಕರೆಸಿ ಕೊಕ್ಕೆ ಬದಲಿಸಿಕೊಟ್ಟಿತು.

ಭಾವ ಈಗ ಮೊದಲಿನಂತೆಯೇ ಮಾತಾಡುತ್ತಾನೆ. ಆದರೆ ಎಲ್ಲರೂ ಕೂಡಿ ಹೊರಟಾಗ ಮಗುವಿನ ಬೆಲ್ಟನ್ನು ಮಾತ್ರ ಅವಳಿಗೆ ಬಿಡದೆ ತಾನೇ ಬಿಗಿಯುತ್ತಾನೆ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡುತ್ತಾಳೆ.