ಸಿಂದಿ ಗಿಡದ ನಕಲು

ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ದೀಪಾವಳಿಗೆ ಮುಂಚೆ ಯಾರೋ ಒಂದು ಪ್ರಶ್ನೆ ಒಗೆದರು: ‘ಹವಾಮಾನದ ಅಡ್ಡಿನ ಇಲ್ಲ ಅಂತ ತಿಳಕೋರಿ, ತಾಳೆ ಜಾತಿಯೊಳಗ ಯಾವ ಗಿಡ ಬೆಳಸತೀರಿ?’ ಒಬ್ಬ ಕೊಂಕಣದ ತೆಂಗು ಅಂದ. ಇನ್ನೊಬ್ಬ ಅರಬಸ್ತಾನದ ಖರ್ಜೂರ ಅಂದ. ಹಾರೂಗೇರಿಯ ಗೆಳೆಯ ಅಡಿಕೆ ಅಂದ. ಅವನ ಬಾಯಿ ಗುಟಕಾ ಇಲ್ಲದೆ ಖಾಲಿ ಇದ್ದದ್ದನ್ನು ನಾವ್ಯಾರೂ ನೋಡಿಲ್ಲ, ಮಾಲು ಮನೆಯಲ್ಲೇ ಸಿಗಲಿ ಅಂತ ಅವನ ಆಸೆ. ಎಲ್ಲರ ಕಾಲೆಳೆಯುವ ನಾನು ಮಾತ್ರ ಫೋನು ಬೋರಲು ಹಾಕಿ ಕೂತೆ. ನನ್ನ ಉತ್ತರ ಹೋದ ಬೇಸಿಗೆಯವರೆಗೆ ನಮ್ಮ ಹೊಲದ ಬದುವಿನ ಮೇಲೇ ನಿಂತಿತ್ತು.

ನಾಲ್ಕು ಸಿಂದಿ ಗಿಡ. ಬೇರೆ ಕಡೆ ಈಚಲು ಅಂತಾರಲ್ಲ, ಅದೇ. ನೋಡೋಕೆ ಚೆಂದ ಅಂತ ಯಾರೂ ಅನ್ನುವುದಿಲ್ಲ. ಮೈತುಂಬ ಮುಳ್ಳು, ತಲೆ ಕೆದರಿಕೊಂಡು ಆಗಷ್ಟೇ ಹಾಸಿಗೆಯಿಂದೆದ್ದ ನನ್ನ ಹಾಗೇ ಕಾಣುತ್ತಿದ್ದವು. ಎಲ್ಲೆಲ್ಲೋ ತಾಳೆಯ ಗರಿ ಮೇಲೆ ಕಾವ್ಯ, ಶಾಸ್ತ್ರ ಬರೆದರಂತೆ. ನಮ್ಮ ಸಿಂದಿಯ ಗರಿಯಿಂದ ನಾವು ಕಸಬರಗಿ ಕಟ್ಟಿ ಅಂಗಳ ಉಡುಗಿದೆವು. ಆದರೆ ದೀಪಾವಳಿಯ ಲಕ್ಷ್ಮೀ ಪೂಜೆಗೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂಡುವುದು ಕಾವ್ಯವಲ್ಲ, ಹೊಸ ಕಸಬರಗಿ. ನಮ್ಮಲ್ಲಿ ಅದೇ ಲಕ್ಷ್ಮಿ.

ಆ ಲಕ್ಷ್ಮಿಯನ್ನು ಕಟ್ಟುವವಳು ರುಕ್ಮವ್ವ. ಹಬ್ಬ ಹದಿನೈದು ದಿನ ಇರುವಾಗ ಕುಡಗೋಲು ಹಿಡಿದು ಬಂದು ನಮ್ಮ ಗಿಡಗಳ ಗರಿ ಕೊಯ್ದು, ನಮ್ಮ ಅಂಗಳದಲ್ಲೇ ಒಣಗಿಸಿ, ಕಟ್ಟಿ, ಅವ್ವನಿಗೆ ಎರಡು ಕೊಟ್ಟು, ಉಳಿದದ್ದನ್ನು ರಾಯಬಾಗದ ಸಂತೆಗೆ ಒಯ್ಯುತ್ತಿದ್ದಳು. ಹಳ್ಳದ ದಂಡೆಯ ಗಿಡಗಳೆಲ್ಲ ಕಬ್ಬಿಗೆ ಜಾಗ ಬಿಟ್ಟು ಹೋದ ಮೇಲೆ ಅವಳ ಹಬ್ಬ ನಿಂತಿದ್ದೇ ಈ ನಾಲ್ಕರ ಮೇಲೆ.

ಈಗ ನನ್ನ ವಿದ್ಯೆಯ ಬಗ್ಗೆ ಎರಡು ಮಾತು. ನಾನು ನಕಲಿ, ಊರಲ್ಲಿ ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಬಸ್ ಕಂಡಕ್ಟರ್, ಮರಾಠಿ ಸಾಲಿ ಮಾಸ್ತರು, ನೆಗಡಿಯಾದ ನಮ್ಮ ಎಮ್ಮೆ, ಎಲ್ಲಾ. ಆದರೆ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಅಪ್ಪನ ತಮ್ಮ ಕಾಕಾನ ದನಿ. ಹೋದ ಬೇಸಿಗೆಯಲ್ಲಿ ಕಾಕಾ ಹೊಲಕ್ಕೆ ಕಬ್ಬಿಣದ ಗೇಟು ನಿಲ್ಲಿಸಿದ. ಗೇಟಿಗೆ ಶೋಭೆ ಬೇಕಲ್ಲ, ನಿಪ್ಪಾಣಿಯ ಹೈವೇ ಪಕ್ಕದ ಮಂಗಲ ಕಾರ್ಯಾಲಯದ ಮುಂದೆ ಇರುವಂಥ ರಾಯಲ್ ಪಾಮ್ ಅನ್ನುವ ಶೋಕಿಯ ತಾಳೆ ಗಿಡ ತಂದ. ತಗ್ಗು ತೋಡಲು ಜೆಸಿಬಿ ಬಂತು. ಕಾಕಾ ಫೋನನ್ನು ಮನೆಯಲ್ಲಿ ಚಾರ್ಜಿಗೆ ಬಿಟ್ಟು ಬಾವಿಯ ಕಡೆ ಹೋಗಿದ್ದ. ಫೋನ್ ಬಂತು. ಎತ್ತಿದೆ.

‘ಕಾಕಾರ, ಬದುವಿನ ಮ್ಯಾಲಿನ ಸಿಂದಿ ಗಿಡ ಹಂಗ ಬಿಡಲೋ, ತಗೀಲೋ?’ ಡ್ರೈವರ್ ಕೇಳಿದ.

ಅವ್ವ ಎದುರಿಗಿದ್ದಳು, ನಗಿಸುವ ಹುಕಿ ಬಂತು. ಕಾಕಾನ ಹಾಗೇ ಒಮ್ಮೆ ಕ್ಯಾಕರಿಸಿ, ‘ಎಲ್ಲಾ ಸಪಾಟ ಮಾಡಿ ಒಗೀಲೇ!’ ಅಂದೆ. ಅವ್ವ ಚಾ ಚೆಲ್ಲಿಕೊಂಡು ನಕ್ಕಳು. ಡ್ರೈವರ್‌ಗೆ ಗೊತ್ತಾಗುತ್ತದೆ, ವಾಪಸ್ ಬೈಯುತ್ತಾನೆ ಅಂದುಕೊಂಡೆ. ಅವನು ‘ಆತ್ರಿ’ ಅಂತ ಫೋನಿಟ್ಟ. ಚಾ ಮುಗಿಸಿ ನಾನು ಹೊಲ ಮುಟ್ಟುವಷ್ಟರಲ್ಲಿ ಬದು ನನ್ನ ಅಂಗೈಯಷ್ಟು ಸಪಾಟಾಗಿತ್ತು.

ಕಾಕಾ ಹೊಡೆಯುತ್ತಾನೆ ಅಂತ ಬೆನ್ನು ಸಿದ್ಧ ಮಾಡಿಕೊಂಡು ನಿಂತಿದ್ದೆ. ಅವನು ಬಿದ್ದ ಗಿಡ ನೋಡಿದ, ನನ್ನನ್ನು ನೋಡಿದ. ‘ನನ್ನ ದನಿ ಇಷ್ಟ ಬರೋಬ್ಬರಿ ಬರತೈತೇನಲೇ ನಿನಗ?’ ಅಂದ. ಅಷ್ಟೇ. ಅವತ್ತಿನಿಂದ ಅವನು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಾನೆ.

ಮಳೆಗಾಲ ಮುಗಿದು ರುಕ್ಮವ್ವ ಬಂದಳು. ಕುಡಗೋಲು ಹೆಗಲ ಮೇಲೆ ಇಟ್ಟುಕೊಂಡೇ ಬದುವಿನ ಈ ತುದಿಯಿಂದ ಆ ತುದಿಗೆ ನಡೆದಳು, ಹೊಲ ತಪ್ಪಿ ಬಂದೆನೇನೋ ಅನ್ನುವ ಹಾಗೆ.

‘ಗಿಡ ಎಲ್ಲ್ಯಾವೋ ತಮ್ಮಾ?’

ಏನೂ ಮುಚ್ಚದೆ ಹೇಳಿದೆ. ಬೈಯಲಿಲ್ಲ. ಬದುವಿನ ಮೇಲೆ ಕೂತಳು.

‘ನನ್ನ ದನೀನೂ ತಗೀತಿಯಂತಲ್ಲ?’

‘ಹೌದ್ರಿ ಆಯಿ.’

‘ತಗಿ, ನೋಡೂಣು.’

ತೆಗೆದೆ. ‘ಲಕ್ಷುಮೀ ಬಂದಾಳ್ರೇ... ಒಳಗ ಕರಕೋರ್ರೇ!’ ಅವಳ ಸಂತೆಯ ಕೂಗು, ಕೊನೆಯ ಎಳೆತದ ಸಮೇತ. ಬೋಳು ಒಸಡು ಕಾಣುವಂತೆ ನಕ್ಕಳು.

‘ಬೇಷ್. ಈಗ ಆ ಗಿಡದ ದನಿ ತಗಿ.’

ಬಾಯಿ ತೆರೆದೆ. ಗಾಳಿ ಬಂದಾಗ ಸಿಂದಿಯ ಗರಿ ಹೇಗೆ ಸಪ್ಪಳ ಮಾಡುತ್ತಿತ್ತು? ಹುಟ್ಟಿದಾಗಿನಿಂದ ಅದರ ಕೆಳಗೇ ಓಡಾಡಿದ್ದೆ, ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಬಾಯಿಂದ ಹೊರಟದ್ದು ಕುಕ್ಕರಿನ ಸಪ್ಪಳ. ರುಕ್ಮವ್ವ ಸೆರಗು ಝಾಡಿಸಿ ಎದ್ದಳು.

‘ಈ ಸಲ ಸಂತ್ಯಾಗ ನೀನ ಕೂಗು ತಮ್ಮಾ. ನನಗ ಮಾರಾಕ ಏನೈತಿ?’

ಲಕ್ಷ್ಮೀ ಪೂಜೆಗೆ ಅವ್ವ ಹೋದ ವರ್ಷದ ಸವೆದ ಮೋಟು ಕಸಬರಗಿಯನ್ನೇ ತೊಳೆದು ಮಣೆಗೇರಿಸಿದಳು. ನಮಸ್ಕಾರ ಮಾಡಲು ನನಗೆ ಮುಖವಿರಲಿಲ್ಲ, ಮಾಡಿದೆ. ಆಮೇಲೆ ಗುಂಪಿನ ಪ್ರಶ್ನೆಗೆ ‘ಸಿಂದಿ’ ಅಂತ ಉತ್ತರ ಹಾಕಿದೆ. ‘ಅದಕ್ಕ ಹವಾಮಾನ ಯಾಕಲೇ, ತಾನ ಬೆಳೀತೈತಿ’ ಅಂತ ಹಾರೂಗೇರಿಯವನು ನಕ್ಕ. ನಿಜ. ಅದಕ್ಕೆ ಬೇಕಾಗಿದ್ದದ್ದು ಒಂದೇ, ನಾನು ಬಾಯಿ ಮುಚ್ಚಿಕೊಂಡಿರುವುದು. ಈಗ ಬದುವಿಗೆ ಬೀಜ ಹಾಕಿದ್ದೇನೆ. ಅವು ಗರಿ ಕೊಯ್ಯುವಷ್ಟು ಬೆಳೆಯುವ ಹೊತ್ತಿಗೆ ಕುಡಗೋಲು ಹಿಡಿದು ಯಾರು ಬರುತ್ತಾರೋ, ರುಕ್ಮವ್ವನಂತೂ ಅಲ್ಲ.

ರಾಯಲ್ ಪಾಮ್‌ಗಳೂ ಉಳಿಯಲಿಲ್ಲ. ಕಬ್ಬಿಗೆ ನೀರುಣಿಸಿ ಉಣಿಸಿ ನಮ್ಮ ನೆಲ ಸವಳು ಹಿಡಿದಿದೆ, ಉಪ್ಪಿಗೆ ಅವು ನಿಂತಲ್ಲೇ ಒಣಗಿದವು. ನಿನ್ನೆ ಸಂಜೆ ಜೋರು ಗಾಳಿ ಎದ್ದು ಗೇಟಿನ ಕಡೆಯಿಂದ ಒಣಗರಿಯ ಸಪ್ಪಳ ಬಂತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

‘ನಮ್ಮ ಸಿಂದಿ ಗಿಡದ ಸಪ್ಪಳ ಅಲ್ಲೇನೋ ಅದು?’

ಕಿವಿಗೊಟ್ಟೆ, ಈ ಸಲ ಪೂರಾ.

‘ಅಲ್ಲ ಬೇ,’ ಅಂದೆ. ‘ನಕಲು.’