ಕುರ್ಡಿ ಕಡೆಯಿಂದ ಬರುತ್ತಿದ್ದ ದನಿ

ಬಾಗಿಲ ಅಳತೆಗೆ ರಾಯಚೂರಿನ ನನ್ನ ಮನೆಗೆ ಬಂದ ಬಡಗಿ ಮೊನ್ನೆ ಟೇಪು ಎಳೆದ. ಆ ಹಳದಿ ಉಕ್ಕಿನ ಪಟ್ಟಿ ಸರ್ರೆಂದು ಒಳಸೇರಿದ್ದೇ ತಡ, ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ಕಣ್ಣ ಮುಂದೆ ಬಂದರು…

ಚಾಚಾ ವೈರ್‌ಲೆಸ್ ಕೆಲಸದಿಂದ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋದ ಮೇಲೆ ಹೊರಗೆ ಬರುವುದನ್ನೇ ಬಿಟ್ಟಿದ್ದರು. "ನಾ ಇದ್ದೀನೋ ಸತ್ತೀನೋ, ಯಾರಿಗೆ ಗೊತ್ತದ ಬೇಟಿ?" ಎನ್ನುತ್ತಿದ್ದರು. ಅಂಥವರನ್ನು ಮಾಳಿಗೆ ಹತ್ತಿಸಿದ್ದು ಒಂದು ಉಪಗ್ರಹ. ಭೂಮಿಗೆ ಹತ್ತಿರದಲ್ಲೇ ಸುತ್ತುತ್ತ, ಹವ್ಯಾಸಿ ರೇಡಿಯೊದವರ ಮಾತನ್ನು ದೂರದವರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ ಅದು. ಅದನ್ನು ಹಿಡಿಯಲು ಅಳತೆ ಟೇಪನ್ನೇ ತುಂಡು ಮಾಡಿಸಿ, ಪ್ಲಾಸ್ಟಿಕ್ ಪೈಪಿಗೆ ಕಟ್ಟಿಸಿ ತಮ್ಮ ಕೈ ರೇಡಿಯೊಗೆ ಆಂಟೆನಾ ಮಾಡಿಕೊಂಡಿದ್ದರು. "ಹೊಸಾ ಟೇಪು ಹಾಳ್ ಮಾಡಿದ್ರು ನೋಡವ್ವಾ" ಎಂದು ಚಾಚಿ ನನ್ನ ಬಳಿ ದೂರಿದ್ದರು.

ಉಪಗ್ರಹ ಬರುವ ಹೊತ್ತನ್ನು ಫೋನಿನಲ್ಲಿ ನೋಡಿ ಹೇಳುವುದು ನನ್ನ ಕೆಲಸ. "ಕುರ್ಡಿ ಕಡಿಂದ ಬರ್ತದ. ದೇವದುರ್ಗದ ಬಸ್ಸಲ್ಲ ಇದು, ತಡಾ ಆಗಂಗಿಲ್ಲ" ಎಂದು ಚಾಚಾ ನಗುತ್ತಿದ್ದರು. ಮೊದಲು ಬರೀ ಗೊರಗೊರ ಸದ್ದು. ಆಮೇಲೆ ಅದರೊಳಗಿಂದ ಮನುಷ್ಯರ ದನಿ! ದನಿ ತಿಳಿಯಾಗುವ ಕಡೆಗೆ ಆಂಟೆನಾ ಹಿಡಿದ ಚಾಚಾರ ಕೈ ತಾನಾಗಿ ಹೊರಳುತ್ತಿತ್ತು. ಕುರ್ಡಿ ಊರಿನ ದಿಕ್ಕಿನಿಂದ ನೆತ್ತಿಗೆ, ನೆತ್ತಿಯಿಂದ ಮಲ್ಲಟ ಊರಿನ ಕಡೆಗೆ… ಕಣ್ಣಿದ್ದ ನನಗೆ ಅಲ್ಲಿ ಬರೀ ಸಂಜೆಯ ಆಕಾಶ. ಕಣ್ಣಿಲ್ಲದ ಅವರು ಅದರ ದಾರಿಯನ್ನು ಸ್ವಲ್ಪವೂ ತಪ್ಪುತ್ತಿರಲಿಲ್ಲ.

ಆದರೆ ಅವರು ಎಷ್ಟು ಕರೆದರೂ ಯಾರೂ ಓಗೊಡುತ್ತಿರಲಿಲ್ಲ. ಎಲ್ಲರೂ ಒಮ್ಮೆಗೇ ಮಾತಾಡುವ ಸಂತೆ ಅದು. ಕೊನೆಗೊಂದು ಸಂಜೆ ಶ್ರೀಲಂಕಾದ ಯಾರೋ ಒಬ್ಬರು ಇಂಗ್ಲಿಷಿನಲ್ಲಿ, ಮಾನ್ವಿಯವರೇ, ನಿಮ್ಮ ದನಿ ಚೆನ್ನಾಗಿ ಕೇಳುತ್ತಿದೆ ಎಂದರು. ಅಂಗೈಯಗಲದ ಯಂತ್ರದಿಂದ ಹೊರಟ ಮಾತು ಆಕಾಶಕ್ಕೆ ಹೋಗಿ, ಸಮುದ್ರದಾಚೆ ಇಳಿದಿತ್ತು! ಚಾಚಾ ಉತ್ತರ ಕೊಡುವುದನ್ನೂ ಮರೆತು ನನ್ನ ಕೈ ಹಿಡಿದುಕೊಂಡರು.

"ಕೇಳ್ತಂತ ಬೇಟಿ… ನಾ ಇದ್ದೀನಂತ ಅವ್ರಿಗೆ ಗೊತ್ತದ."

ಆಮೇಲೆ ಅವರಿಬ್ಬರೂ ಆಗಾಗ ಮಾತಾಡುತ್ತಿದ್ದರು. ಮುಖ ನೋಡದ ಸ್ನೇಹ. ಹೋದ ವರ್ಷ ಚಾಚಾ ತೀರಿಕೊಂಡರು. ಚಾಚಿ ಆ ಆಂಟೆನಾವನ್ನೂ ರೇಡಿಯೊವನ್ನೂ ನನ್ನ ಕೈಗಿಟ್ಟರು. ಮಾತಾಡುವ ಪರವಾನಗಿ ಚಾಚಾರಿಗಿತ್ತು, ನನಗಿಲ್ಲ. ನಾನು ಕೇಳಬಹುದು, ಅಷ್ಟೇ.

ಮೊನ್ನೆ ಬಡಗಿ ಹೋದ ಮೇಲೆ ಅವೆರಡನ್ನೂ ಹಿಡಿದು ಮಾಳಿಗೆ ಹತ್ತಿದೆ. ಇಲ್ಲಿ ಉಪಗ್ರಹ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಯ ಕಡೆಯಿಂದ ಏಳುತ್ತದೆ. ಕಣ್ಣು ಮುಚ್ಚಿ ಕೈ ಹೊರಳಿಸಿದೆ. ಗೊರಗೊರ ಸದ್ದಿನೊಳಗಿಂದ ಅದೇ ಲಂಕೆಯ ದನಿ ಚಾಚಾರನ್ನು ಕರೆಯುತ್ತಿತ್ತು. ಮಾನ್ವಿಯವರೇ, ಇದ್ದೀರಾ… ಮಾನ್ವಿಯವರೇ, ಇದ್ದೀರಾ…

ಆ ದನಿ ಮುಳುಗುವವರೆಗೂ ಆಂಟೆನಾ ಇಳಿಸಲು ನನ್ನಿಂದಾಗಲಿಲ್ಲ.