ಮೂರನೇ ಕೂಗು

ನನ್ನ ತಮ್ಮನ ಎರಡೂ ಹೆಬ್ಬೆರಳ ತುದಿ ಜಡ್ಡುಗಟ್ಟಿತ್ತು. ನನ್ನ ಅಂಗೈ ಜಡ್ಡುಗಟ್ಟಿದ್ದು ತೆಂಗಿನಕಾಯಿ ಸುಲಿದು. ಅವನದು ದೆವ್ವ ಹಿಡಿದು.

ಹುಟ್ಟಿದಾಗಿನಿಂದ ಅವನಿಗೆ ಉಬ್ಬಸ. ಹೊಣಕೆರೆ ಹತ್ತಿರದ ನಮ್ಮ ತೋಟದಲ್ಲಿ ಗುದ್ದಲಿ ಹಿಡಿದರೆ ಹತ್ತು ಏಟಿಗೇ ಎದೆ ಸೀಟಿ ಹೊಡೆಯುತ್ತಿತ್ತು. ಹಾಗಾಗಿ ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ತೋಟಕ್ಕಿಳಿದೆ, ಅವನು ಓದಿದ. ನಾಗಮಂಗಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಂಜೆ ಬಸ್ಸಿಳಿದು ಬಂದು ಜಗುಲಿಯ ಮೇಲೆ ಕಾಲು ಮಡಚಿ ಕೂತು, ಅಂಗೈಯಗಲದ ವಿಡಿಯೊ ಆಟದ ಪೆಟ್ಟಿಗೆ ತೆಗೆದು ಎರಡೂ ಹೆಬ್ಬೆರಳಲ್ಲಿ ಗುಂಡಿ ಒತ್ತತೊಡಗುವನು.

ಜಪಾನಿನವರು ಮಾಡಿದ ಆಟವಂತೆ. ಹಾಳುಬಿದ್ದ ಪಟ್ಟಣ, ಬೀದಿ ತುಂಬ ದೆವ್ವಗಳು. ಒಂದು ಸಲ ಇಣುಕಿದೆ. ಟಗರಿನ ತಲೆಯದೊಂದು ನನ್ನನ್ನೇ ನೋಡುತ್ತಿತ್ತು.

"ಇದನ್ನ ಹೊಡ್ದಾಕ್ಬೇಕೇನ್ಲಾ?" ಎಂದೆ.

"ಹೊಡ್ಯದು ಸುಲಭ ಕಣಣ್ಣ. ಮಾತಾಡ್ಸಿ ನಮ್ ಕಡೀಕೆ ಕರ್ಕಬೇಕು. ಅದು ಏನೇನೋ ಕೇಳ್ತದೆ. ಸರ್ಯಾಗಿ ಉತ್ತರ ಕೊಟ್ರೆ ಜೊತೇಲಿ ಬತ್ತದೆ, ಇಲ್ಲಾಂದ್ರೆ ಮೇಲ್ ಬೀಳ್ತದೆ."

"ಬಂದ್ಬುಟ್ರೆ?"

"ನಮ್ಗೋಸ್ಕರ ಬಡಿದಾಡ್ತದೆ. ನಮ್ಮನೇವ್ರಿಗಿಂತ ವಾಸಿ," ಎಂದು ನಕ್ಕ.

ಆಟದ ಹೊರಗೂ ಅವನು ಹಾಗೇ. ಬದುವಿನ ಜಗಳಕ್ಕೆ ನಮ್ಮ ದೊಡ್ಡಪ್ಪ ಕುಡುಗೋಲು ಹಿಡಿದು ಬಾಗಿಲಿಗೆ ಬಂದು ಬೈಯುತ್ತಿದ್ದಾಗ ನಾನು ಒಳಗೆ ದೊಣ್ಣೆ ಹುಡುಕುತ್ತಿದ್ದೆ. ತಮ್ಮ ಹೊರಗೆ ಹೋಗಿ, "ದೊಡ್ಡಪ್ಪಾ, ಬಿಸಿ ಮುದ್ದೆ ಅದೆ, ಒಳಿಕ್ಕೆ ಬಾ. ಉಂಡ್ಕಂಡ್ ಬೈಯ್ವೆಯಂತೆ" ಎಂದ. ದೊಡ್ಡಪ್ಪ ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಒಳಗೆ ಬಂದು ಕೂತ. ಎರಡು ಮುದ್ದೆ ಉಂಡ.

ಆಮೇಲೊಂದು ವರ್ಷ ನಮ್ಮ ಗಬ್ಬದ ಹಸು ದಿನ ತುಂಬದೆ ಕಂದು ಹಾಕಿತು. ತಿಂಗಳು ತುಂಬುವುದರೊಳಗೆ ಇನ್ನೊಂದು ಹಸುವೂ ಹಾಕಿತು. "ನಿಮ್ ತಮ್ಮ ಕರ್ದು ಕರ್ದು ಮನೆ ತುಂಬ ದೆವ್ವ ಸೇರ್ಸವ್ನೆ" ಎನ್ನುತ್ತ ನನ್ನ ಹೆಂಡತಿ, ಬಂದ ದೆವ್ವ ಓದಿಕೊಂಡು ಹಿಂದಿರುಗಲೆಂದು ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಳು. ಮುಸ್ಸಂಜೆಯ ಮೇಲೆ ಯಾರು ಕರೆದರೂ ಮೂರನೇ ಕೂಗಿನವರೆಗೆ ಓಗೊಡಬಾರದು, ದೆವ್ವ ನಂಟರ ದನಿಯಲ್ಲೇ ಕರೆಯುತ್ತದೆ, ಆದರೆ ಮೂರನೇ ಸಲ ಕೂಗಲಾರದು ಎಂದು ಅಜ್ಜಿ ಹೇಳುತ್ತಿದ್ದದ್ದು ನನಗೂ ನೆನಪಾಯಿತು.

ತಮ್ಮ ಆ ಬರಹ ನೋಡಿ, "ದೆವ್ವುಕ್ಕೆ ನಾಳೆ ಬಾ ಅನ್ಬಾರ್ದು ಕಣತ್ಗೆ. ಏನ್ ಬೇಕು ಅಂತ ಕೇಳ್ಬೇಕು" ಎಂದ.

ನನಗೆ ರೇಗಿತು. "ಆ ಪೆಟ್ಗೆ ಬಿಡಕಾಗ್ದಿದ್ರೆ ಪಂಪ್‌ಮನೇಲಿ ಬಿದ್ಕೋ ಹೋಗ್ಲಾ" ಎಂದೆ.

ಚಾಪೆ ಸುತ್ತಿಕೊಂಡು ಹೊರಟ. ಅಲ್ಲಿರುವುದು ಮೋಟಾರು, ಗೊಬ್ಬರದ ಚೀಲ, ತೆಂಗಿನ ನಾರಿನ ದೂಳು. ಉಬ್ಬಸದವನಿಗೆ ಅದೆಂಥ ಜಾಗವೆಂದು ನನಗೆ ಗೊತ್ತಿತ್ತು.

ನಾಲ್ಕನೇ ದಿನ ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಾಚೆ ಕೂಗು ಕೇಳಿತು. "ಅಣ್ಣಾ." ಹೆಂಡತಿ ನನ್ನ ತೋಳು ಹಿಡಿದಳು. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಸಣ್ಣಗೆ, "ಅಣ್ಣ." ಮೂರನೆಯದಕ್ಕೆ ಕಾದೆ. ಬರಲಿಲ್ಲ.

"ನೋಡುದ್ರಾ, ಅದೇಯ" ಎಂದಳು.

ಎಲ್ಲರಿಗೂ ಇಷ್ಟೇ ಹೇಳುತ್ತ ಬಂದಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಇದು: ಎರಡು ಕೂಗಿನ ನಡುವೆ ನನಗೆ ಎದೆಯ ಸೀಟಿ ಕೇಳಿಸಿತ್ತು. ದೆವ್ವಕ್ಕೆಲ್ಲಿಯ ಉಬ್ಬಸ? ನಾನು ಕೂತದ್ದು ಹೆದರಿಕೆಗಲ್ಲ, ಸಿಟ್ಟಿಗೆ. ಇನ್ನೊಂದು ಸಲ ಬೇಡಿಕೊಳ್ಳಲಿ ಎಂದು ಕೂತೆ.

ಬೆಳಿಗ್ಗೆ ಹಾಲು ಕರೆಯಲು ಬಾಗಿಲು ತೆಗೆದರೆ, ಜಗುಲಿಯ ಕಂಬಕ್ಕೊರಗಿ ತಣ್ಣಗಾಗಿದ್ದ. ಬಾಯಿ ತೆರೆದಿತ್ತು. ಬಾಯಿಗಿಟ್ಟು ಎಳೆಯುವ ಔಷಧಿಯ ಡಬ್ಬಿ ಕೈಯಲ್ಲೇ ಇತ್ತು. ಅಲ್ಲಾಡಿಸಿ ನೋಡಿದೆ. ಖಾಲಿ.

ಹಸುಗಳದು ಹರಡುವ ರೋಗ ಎಂದು ದನದ ಡಾಕ್ಟರು ಆಮೇಲೆ ಹೇಳಿದರು.

ಬಾಗಿಲ ಮೇಲಿನ ಅಕ್ಷರಗಳನ್ನು ತೆಂಗಿನ ನಾರು ಹಿಡಿದು ತಿಕ್ಕಿ ತೊಳೆದೆ. ನೀರು ಬಿದ್ದಾಗ ಅಳಿಸಿದಂತಿರುತ್ತವೆ, ಒಣಗಿದರೆ ಮತ್ತೆ ಬೆಳ್ಳಗೆ ಕಾಣುತ್ತವೆ.

ಈಗಲೂ ಕೆಲವು ಮುಸ್ಸಂಜೆ ಹೊರಗೆ ಕೂಗು ಕೇಳಿಸುತ್ತದೆ. ಒಂದೇ ಕೂಗು. ಹೆಂಡತಿ ತೋಳು ಹಿಡಿಯುತ್ತಾಳೆ. ಬಿಡಿಸಿಕೊಂಡು ಹೋಗಿ ಅಗುಳಿ ತೆಗೆಯುತ್ತೇನೆ. ಜಗುಲಿಯ ಮೇಲೆ ಯಾರೂ ಇರುವುದಿಲ್ಲ.

"ಏನ್ ಬೇಕ್ಲಾ?" ಎನ್ನುತ್ತೇನೆ. "ಒಳಿಕ್ಕೆ ಬಾ."